ಮಹಿಳಾ ಸೀಟು ಧಾರ್ಮಿಕ ಪ್ರತ್ಯೇಕತೆಯೇ?

ಬಿಎಂಟಿಸಿ ಬಸ್ಸಿನಲ್ಲಿ ಮಹಿಳೆಯರಿಗೆ ಮುಂದಿನ ಸೀಟುಗಳನ್ನು ಮೀಸಲಿಡುವುದು ಜಾತ್ಯತೀತ ತತ್ತ್ವಕ್ಕೆ ವಿರುದ್ಧವಲ್ಲವೇ ಎಂದು ತಾವು ಕೇಳಿದ್ದೀರಿ. ಅಲ್ಲವೆಂದೇ ನನ್ನ ಅಭಿಪ್ರಾಯ. ಸಂವಿಧಾನದ 15ನೇ ವಿಧಿಯು ಕೇವಲ ಲಿಂಗದ ಕಾರಣಕ್ಕೆ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳನ್ನು ಯಾರಿಗೂ ನಿರ್ಬಂಧಿಸಬಾರದೆಂದು ವಿಧಿಸಿದರೂ, ಅದರ 3ನೇ ಉಪವಿಧಿಯು ಮಹಿಳೆಯರಿಗೂ ಮಕ್ಕಳಿಗೂ ವಿಶೇಷ ಏರ್ಪಾಡು ಮಾಡಲು ಸರ್ಕಾರಕ್ಕೆ ಅವಕಾಶ ನೀಡುತ್ತದೆ. ಮೆಜೆಸ್ಟಿಕ್‌ನಲ್ಲಿ ಸಂಜೆಯ ನೂಕುನುಗ್ಗಲಿನ ಬಸ್ಸು ಹತ್ತಿದವರಿಗೆ ಆ ಏರ್ಪಾಡಿನ ಅಗತ್ಯವನ್ನು ವಿವರಿಸಬೇಕಾಗಿಲ್ಲ. ಮೇಲಾಗಿ, ಹಿಂದಿನ ಸೀಟಿನಲ್ಲಿ ಕುಳಿತ ಮಹಿಳೆಯನ್ನು ಎಬ್ಬಿಸುವ ನಿಯಮವಿಲ್ಲ (ಗೊಣಗುವವರಿದ್ದಾರೆ, ಅದು ಬೇರೆ ಮಾತು). ಆದರೆ ಮುಂದೆ ಕಬ್ಬನ್ ಪಾರ್ಕನ್ನೋ ಗ್ರಂಥಾಲಯವನ್ನೋ ಧರ್ಮಾಚರಣೆಯ ಹೆಸರಿನಲ್ಲಿ ವಿಂಗಡಿಸಿ, ಹೆಣ್ಣು ತನಗೆ ಗೊತ್ತುಪಡಿಸಿದ ಭಾಗದಲ್ಲಿಯೇ ಇರಬೇಕೆಂದು ಯಾರಾದರೂ ಕಡ್ಡಾಯ ಮಾಡಹೊರಟರೆ, ತಮ್ಮ ಆಕ್ಷೇಪಕ್ಕೆ ನಾನೂ ದನಿಗೂಡಿಸುತ್ತೇನೆ.