ಪೋಲೊ ಜಿಟಿ ಒಳಗಿನ ಗುಂಯ್ ಶಬ್ದ: ಶೀಟ್ ಅಂಟಿಸುವ ಮೊದಲು ಇಷ್ಟು ನೋಡಿ

ಅಣ್ಣಾ, ಕಾರಿನೊಳಗಿನ ಸದ್ದು ತಗ್ಗಿಸುವುದು ಹೇಗೆ ಎಂಬ ನಿಮ್ಮ ಪ್ರಶ್ನೆ ಓದಿದೆ. ಸೆಕೆಂಡ್ ಹ್ಯಾಂಡ್ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಕಾರು, ಹಳೇ ಓನರ್ ಹಾಕಿಸಿದ ಹೊರಗಿನ ಸೈಲೆನ್ಸರ್, ಕಂಪನಿ ಕೊಟ್ಟಿದ್ದಕ್ಕಿಂತ ಅಗಲದ ಟೈರು. ಕೊಡಗಿನ ಗೋಣಿಕೊಪ್ಪದಿಂದ ಮೈಸೂರಿಗೆ ಹೋಗುವಾಗ 80–90ರ ವೇಗದಲ್ಲಿ ಕಿವಿ ಅದುಮುವ ಗುಂಯ್ ಶಬ್ದ, ಹಿಂದೆ ಕೂರುವ ಅಮ್ಮನಿಗೆ ತಲೆನೋವು. ಇಡೀ ಕಾರಿಗೆ ಡ್ಯಾಂಪಿಂಗ್ ಶೀಟ್ (ತಗಡಿನ ನಡುಕ ತಡೆಯಲು ಅಂಟಿಸುವ ಹಾಳೆ) ಹಾಕಿಸಿ ಎಂದು ಇದೇ ಚರ್ಚೆಯಲ್ಲಿ ಮೂರ್ನಾಲ್ಕು ಜನ ಬರೆದಿದ್ದಾರೆ. ನಾನು ಬೇಡ ಅನ್ನುತ್ತೇನೆ. ಈಗಲೇ ಅಂತೂ ಬೇಡ.

ಸೈಲೆನ್ಸರ್‌ನ ಗುಂಯ್ ಬೇರೆ, ಟೈರಿನ ಸದ್ದು ಬೇರೆ. ಎರಡಕ್ಕೂ ಮದ್ದು ಒಂದೇ ಅಲ್ಲ. ಯಾವುದು ಎಷ್ಟು ಅಂತ ಮೊದಲು ಗೊತ್ತಾಗಬೇಕು.

ಅದಕ್ಕೆ ಖರ್ಚಿಲ್ಲ. ಕಾರು ನಿಲ್ಲಿಸಿ, ಗೇರ್ ಪಾರ್ಕ್‌ನಲ್ಲಿಟ್ಟು, ಗ್ಲಾಸ್ ಏರಿಸಿ, ಆರ್‌ಪಿಎಂ ನಿಧಾನವಾಗಿ 1,500ರಿಂದ 3,000ದವರೆಗೆ ತನ್ನಿ. ನಡುವೆ ಎಲ್ಲೋ ಒಂದು ಕಡೆ ಗುಂಯ್ ಎದ್ದು ಮತ್ತೆ ಇಳಿದರೆ ಅದು ಸೈಲೆನ್ಸರ್. ಆದರೆ ಎಂಜಿನ್ ಮೇಲೆ ಭಾರ ಇಲ್ಲದಾಗ ಕೆಲವು ಸಲ ಅದು ಪೂರ್ತಿ ಕೇಳಿಸುವುದಿಲ್ಲ. ಆಗ ಖಾಲಿ ರಸ್ತೆಯಲ್ಲಿ 80ರಲ್ಲಿ ಹೋಗುತ್ತಾ ಮ್ಯಾನುವಲ್ ಮೋಡ್‌ಗೆ ಹಾಕಿ ಏಳರಿಂದ ಆರು, ಆರರಿಂದ ಐದನೇ ಗೇರ್‌ಗೆ ಇಳಿಸಿ. ವೇಗ ಅದೇ, ಆರ್‌ಪಿಎಂ ಮಾತ್ರ ಬೇರೆ. ಗುಂಯ್ ಮಾಯವಾದರೆ ಸೈಲೆನ್ಸರ್, ಹಾಗೇ ಉಳಿದರೆ ಟೈರ್ ಅಥವಾ ವೀಲ್ ಬೇರಿಂಗ್. ಬೇರಿಂಗ್ ಪತ್ತೆಗೆ ನಮ್ಮ ಘಾಟಿ ತಿರುವುಗಳೇ ಸಾಕು. ಎಡಕ್ಕೆ ತಿರುಗುವಾಗ ಭಾರ ಬಲ ಚಕ್ರಗಳ ಮೇಲೆ ಬೀಳುತ್ತದೆ. ಆಗ ಗುರ್ ಶಬ್ದ ಜಾಸ್ತಿಯಾದರೆ ಬಲಗಡೆಯ ಬೇರಿಂಗ್ ಮೇಲೆ ಅನುಮಾನ ಪಡಿ. ಬೇರಿಂಗ್ ಹೋಗಿದ್ದರೆ ಮುಂದೂಡಬೇಡಿ.

ನೀವು ಬರೆದಿರುವುದನ್ನು ನೋಡಿದರೆ ಕಿವಿ ಅದುಮುವುದು ಸೈಲೆನ್ಸರೇ. ಲೆಕ್ಕ ಸುಲಭ. ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಆರ್‌ಪಿಎಂ ಅನ್ನು 30ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಸಲ ಫೈರಿಂಗ್ (ಸಿಲಿಂಡರ್‌ನಲ್ಲಿ ಪೆಟ್ರೋಲ್ ಉರಿಯುವುದು) ಆಗುತ್ತದೆ ಎಂದು ಸಿಗುತ್ತದೆ. ನಿಮ್ಮ ಕಾರಿನ ಡಿಎಸ್‌ಜಿ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಪೆಟ್ರೋಲ್ ಉಳಿಸಲು ಆದಷ್ಟು ಮೇಲಿನ ಗೇರ್ ಹಿಡಿಯುತ್ತದೆ. ಹಾಗಾಗಿ ನೀವು ಹೇಳುವ ವೇಗದಲ್ಲಿ 2,000 ಆರ್‌ಪಿಎಂ ಆಸುಪಾಸು ಇರುತ್ತೀರಿ. ಅಂದರೆ ಸೆಕೆಂಡಿಗೆ ಸುಮಾರು 67 ಸಲ, 67 ಹರ್ಟ್ಸ್. ಇಷ್ಟು ತಗ್ಗು ಸ್ವರದ ಶಬ್ದಕ್ಕೆ ಎರಡು ಮಿಲಿಮೀಟರ್ ಶೀಟ್ ಹೆಚ್ಚೇನೂ ಮಾಡುವುದಿಲ್ಲ. ಬಾಗಿಲು, ನೆಲ, ಡಿಕ್ಕಿ ಎಲ್ಲಾ ಮುಚ್ಚಿದ ಮೇಲೂ ಅದೇ ಗುಂಯ್ ಉಳಿಯುತ್ತದೆ. ದುಡ್ಡು ಮಾತ್ರ ಹೋಗಿರುತ್ತದೆ.

ಇನ್ನೊಂದು. ಮೊಬೈಲ್ ಆ್ಯಪ್‌ನಲ್ಲಿ ಡೆಸಿಬಲ್ ಅಳೆದು ಹಾಕಿದ್ದೀರಿ. ಅದು ‘ಎ’ ವೇಟಿಂಗ್ ಎಂಬ ಅಳತೆಯ ಕ್ರಮದಲ್ಲಿದೆ, ತಗ್ಗು ಸ್ವರದ ಶಬ್ದವನ್ನು ಕಡಿಮೆ ಮಾಡಿ ತೋರಿಸುತ್ತದೆ. ‘ಸಿ’ಗೆ ಬದಲಾಯಿಸಿ ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ ಮತ್ತೆ ನೋಡಿ. ಆ ಅಂಕಿಯನ್ನು ಹಾಗೇ ನಂಬಬೇಡಿ, ಮೊದಲು ಮತ್ತು ಆಮೇಲೆ ಎಂದು ಹೋಲಿಸಲು ಮಾತ್ರ ಬಳಸಿ. ಅಳೆಯುವ ಕೆಲಸ ಪಕ್ಕದಲ್ಲಿ ಕೂತವರದ್ದು.

ಸೈಲೆನ್ಸರ್‌ಗೆ ಮಾಡಬೇಕಾದ್ದು: ರ‍್ಯಾಂಪ್ ಮೇಲೆ ಹತ್ತಿಸಿ ಕೆಳಗಿನಿಂದ ನೋಡಿ. ನಡುವಿನ ಡಬ್ಬ ತೆಗೆದು ನೇರ ಪೈಪ್ ಹಾಕಿದ್ದಾರಾ? ಜಾಯಿಂಟ್‌ಗಳ ಸುತ್ತ ಕಪ್ಪು ಮಸಿ ಇದೆಯಾ? ಇದ್ದರೆ ಹೊಗೆ ಸೋರುತ್ತಿದೆ ಎಂದರ್ಥ. ಡಿಕ್ಕಿಯ ಅಂಚಿನ ರಬ್ಬರ್ ಬೀಡಿಂಗ್ ಕೂಡ ಸಡಿಲವಾಗಿದ್ದರೆ ಆ ಹೊಗೆ ಒಳಗೆ ಬರಬಹುದು. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ತಲೆನೋವು ಅದರ ಲಕ್ಷಣಗಳಲ್ಲಿ ಒಂದು. ಅಮ್ಮನ ತಲೆನೋವು ಅದರಿಂದಲೇ ಎಂದು ನಾನು ಹೇಳುತ್ತಿಲ್ಲ, ಆದರೆ ಮೊದಲು ಇದನ್ನು ನೋಡಿಸಿ. ನೋಡಿಸುವವರೆಗೆ ಉದ್ದದ ಪ್ರಯಾಣ ಬೇಡ. ಪೈಪ್ ಎಲ್ಲಾದರೂ ಕಾರಿನ ಮೈಗೆ ತಾಗುತ್ತಿದೆಯಾ ಅಂತಲೂ ನೋಡಿ. ಎಸ್ಟೇಟ್ ರಸ್ತೆಯ ಕಲ್ಲಿಗೆ ಹೊಟ್ಟೆ ಉಜ್ಜಿದ ಕಾರುಗಳಲ್ಲಿ ಇದು ಮಾಮೂಲಿ. ಸೈಲೆನ್ಸರ್ ತೂಗುಹಾಕುವ ರಬ್ಬರ್ ಒಡೆದಿದ್ದರೆ ಬದಲಾಯಿಸಿ. ಗಟ್ಟಿ ಪಾಲಿಯುರೆಥೇನ್ ರಬ್ಬರ್ ಹಾಕಿದ್ದರೆ ತೆಗೆದು ಕಂಪನಿಯ ಮೆತ್ತನೆಯದು ಹಾಕಿಸಿ, ನಡುಕ ಕಾರಿನ ಮೈಗೆ ಬರುವುದು ಕಡಿಮೆಯಾಗುತ್ತದೆ.

ಇದೆಲ್ಲಾ ಸರಿ ಇದ್ದೂ ಗುಂಯ್ ಇದ್ದರೆ ಕಂಪನಿ ಸೈಲೆನ್ಸರ್ ವಾಪಸ್ ಹಾಕಿಸಿ. ಹಳೇ ಓನರ್ ಹತ್ತಿರವೇ ಇರಬಹುದು, ಕೇಳಿ. ಇಲ್ಲದಿದ್ದರೆ ಗುಜರಿಯಲ್ಲಿ ತುಕ್ಕು ಹಿಡಿಯದ್ದು ಹುಡುಕಿ. ಇದೇ ಚರ್ಚೆಯಲ್ಲಿ ಒಬ್ಬರು ಪೈಪ್‌ಗೆ ಒಂದು ಮುಚ್ಚಿದ ಕವಲು ವೆಲ್ಡ್ ಮಾಡಿಸಿ ಎಂದಿದ್ದಾರೆ. ತತ್ವ ಸರಿಯೇ. ಕವಲಿನ ತುದಿಗೆ ಹೋಗಿ ತಿರುಗಿ ಬರುವ ಅಲೆ ಗುಂಯ್ ಅನ್ನು ಹೊಡೆದುಹಾಕುತ್ತದೆ. ಆದರೆ ಬಿಸಿ ಹೊಗೆಯಲ್ಲಿ ಶಬ್ದ ಜೋರಾಗಿ ಓಡುವುದರಿಂದ 67 ಹರ್ಟ್ಸ್‌ಗೆ ಕವಲು ಸುಮಾರು ಒಂದೂ ಮುಕ್ಕಾಲು ಮೀಟರ್ ಉದ್ದ ಬೇಕು. ಪೋಲೊ ಕೆಳಗೆ ಅಷ್ಟು ಜಾಗ ಎಲ್ಲಿದೆ? ಅದೂ ಅಲ್ಲದೆ ಮೋಟಾರು ವಾಹನ ಕಾಯ್ದೆಯ 190(2)ನೇ ಸೆಕ್ಷನ್ ಇದೆಯಲ್ವಾ. 2019ರ ತಿದ್ದುಪಡಿಯ ನಂತರ ಶಬ್ದದ ಮಿತಿ ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಬೀಳಬಹುದು. ತಿತಿಮತಿ ದಾಟಿ ಆನೆಚೌಕೂರು ಕಾಡಿನಲ್ಲಿ ದಿನಾ ಓಡಾಡುವವರಿಗೆ ಗಲಾಟೆ ಸೈಲೆನ್ಸರ್ ಬೇಕೇ ಬೇಡ. ಆನೆ ರಸ್ತೆ ಪಕ್ಕದಲ್ಲೇ ನಿಂತಿರುತ್ತದೆ.

ಈಗ ಟೈರ್. ಡಾಂಬರು ಬದಲಾದ ಕೂಡಲೇ ಬದಲಾಗುವ ಸದ್ದು ಇದರದ್ದು. ಟೈರಿನ ಪಕ್ಕದಲ್ಲಿ ನಾಲ್ಕಂಕಿ ತಯಾರಿ ದಿನಾಂಕ ಇರುತ್ತದೆ. 2219 ಅಂದರೆ 2019ರ 22ನೇ ವಾರ. ರಬ್ಬರ್ ಹಳೆಯದಾದಷ್ಟೂ ಗಟ್ಟಿಯಾಗಿ ಸದ್ದು ಜಾಸ್ತಿ. ಅಂಗೈಯಿಂದ ಟೈರ್ ಮುಖವನ್ನು ಆ ಕಡೆ, ಈ ಕಡೆ ಸವರಿ ನೋಡಿ. ಒಂದು ಕಡೆ ನುಣುಪು, ಇನ್ನೊಂದು ಕಡೆ ಗರಗಸದ ಹಲ್ಲು ಸಿಕ್ಕಿದರೆ ಚಕ್ರಗಳ ಅಲೈನ್‌ಮೆಂಟ್ ತಪ್ಪಿದೆ. ಮಳೆಗಾಲದ ಗುಂಡಿಗಳಾದ ಮೇಲೆ ನಮ್ಮಲ್ಲಿ ಇದು ಆಗದಿದ್ದರೇ ಆಶ್ಚರ್ಯ. ಅಲೈನ್‌ಮೆಂಟ್ ಮಾಡಿಸಿದರೆ ಮುಂದಿನ ಸವೆತ ನಿಲ್ಲುತ್ತದೆ, ಈಗಾಗಲೇ ಸವೆದ ಟೈರ್ ಸದ್ದು ಮಾಡುತ್ತಲೇ ಇರುತ್ತದೆ. ಗಾಳಿ ಎಷ್ಟು ಎಂಬುದು ಡ್ರೈವರ್ ಬಾಗಿಲ ಅಂಚಿನಲ್ಲೋ ಪೆಟ್ರೋಲ್ ಮುಚ್ಚಳದ ಒಳಗೋ ಬರೆದಿರುತ್ತದೆ. ಟೈರ್ ತಣ್ಣಗಿರುವಾಗ ಅಷ್ಟೇ ಹಾಕಿ. ಬದಲಾಯಿಸುವುದಾದರೆ ಕಂಪನಿ ಹೇಳಿದ ಸೈಜ್‌ಗೆ ವಾಪಸ್ ಬನ್ನಿ. ಮಿಶೆಲಿನ್ ಪ್ರೈಮಸಿ, ಬ್ರಿಜ್‌ಸ್ಟೋನ್ ಟುರಾನ್ಜಾ ತರಹದ ಕಂಫರ್ಟ್ ಟೈರ್ ನೋಡಿ. ಸ್ಪೋರ್ಟ್ಸ್ ಟೈರ್‌ನ ಹಿಡಿತ ಸ್ವಲ್ಪ ಬಿಟ್ಟುಕೊಡಬೇಕಾಗುತ್ತದೆ, ಆದರೆ ಮಳೆಯಲ್ಲಿ ಒಳ್ಳೆಯ ಹಿಡಿತವಿರುವುದನ್ನೇ ಆರಿಸಿ. ಇಲ್ಲಿ ಅದರಲ್ಲಿ ರಾಜಿ ಬೇಡ.

ಇಷ್ಟಾದ ಮೇಲೂ ಸದ್ದಿದ್ದರೆ ಶೀಟ್. ಅದೂ ಎಲ್ಲಾ ಕಡೆ ಅಲ್ಲ. ಸ್ಟೆಪ್ನಿ ಇಡುವ ಗುಂಡಿ, ಹಿಂದಿನ ಚಕ್ರದ ಕಮಾನಿನ ಒಳಮೈ, ಬಾಗಿಲ ಹೊರ ತಗಡು. ಬೆರಳಿನಿಂದ ತಟ್ಟಿ ನೋಡಿ, ಡಣ್ ಎಂದರೆ ಅಲ್ಲಿ ಬೇಕು, ಟಪ್ ಎಂದರೆ ಬೇಡ. ದುಡಿ ವಾದ್ಯದ ಚರ್ಮದ ಮೇಲೆ ಅಂಗೈ ಇಟ್ಟ ಹಾಗೆ ಅದರ ಕೆಲಸ, ತಗಡಿನ ನಡುಭಾಗದಲ್ಲಿ ಕಾಲು ಭಾಗ ಮುಚ್ಚಿದರೂ ತಗಡು ಸುಮ್ಮನಾಗುತ್ತದೆ. ಬ್ಯೂಟೈಲ್ ಶೀಟೇ ತೆಗೆದುಕೊಳ್ಳಿ. ಮನೆಯ ಛಾವಣಿಗೆ ಹಾಕುವ ಟಾರ್ ಶೀಟ್ ಅಗ್ಗ, ಆದರೆ ಬಿಸಿಲಿಗೆ ನಾರುತ್ತದೆ, ಕರಗುತ್ತದೆ.

ನಮ್ಮೂರಿಗೆ ಬೇರೆಯೇ ಎಚ್ಚರ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಕೈ ಹಾಕಬೇಡಿ. ತಗಡಿನ ಮೇಲೆ ತೇವ ಇದ್ದರೆ ಶೀಟ್ ಹಿಡಿಯುವುದಿಲ್ಲ, ಅಡಿಯಲ್ಲಿ ತುಕ್ಕು ಬೇರೆ. ಜನವರಿ, ಫೆಬ್ರವರಿಯ ಒಣ ಮಧ್ಯಾಹ್ನ ಒಳ್ಳೆಯದು. ಬಾಗಿಲ ಕೆಳಗಿನ ನೀರು ಹೋಗುವ ತೂತು ಮುಚ್ಚಬೇಡಿ. ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಸರಿಯಾಗಿ ವಾಪಸ್ ಅಂಟಿಸದಿದ್ದರೆ ಮಳೆನೀರು ಕಾಲಡಿಗೆ ಬರುತ್ತದೆ. ಸ್ಪಂಜು, ಹತ್ತಿ, ಫೆಲ್ಟ್ ಯಾವುದೂ ಬೇಡ. ನೀರು ಹೀರಿ ಬೂಷ್ಟು ಹಿಡಿಯುತ್ತದೆ, ಆಮೇಲೆ ಇಲಿ ಅದನ್ನೇ ಗೂಡು ಮಾಡಿಕೊಳ್ಳುತ್ತದೆ. ತೋಟದ ಶೆಡ್‌ನಲ್ಲಿ ಕಾರು ನಿಲ್ಲಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಸಿ ಪೈಪ್‌ಗೆ ಸುತ್ತುವ ಕಪ್ಪು ನೈಟ್ರೈಲ್ ಫೋಮ್ ನೀರು ಕುಡಿಯುವುದಿಲ್ಲ, ಅದು ಸಾಕು.

ಕಾರಿನ ಛಾವಣಿಗೆ ಶೀಟ್ ಹಾಕಿದರೆ ಮಳೆ ಸದ್ದು ಚೆನ್ನಾಗಿ ತಗ್ಗುತ್ತದೆ. ಆದರೆ ಒಳಗಿನ ಮೇಲುಹೊದಿಕೆ ಪೂರ್ತಿ ಇಳಿಸಬೇಕು. ಕೈ ಪಳಗಿದವರು ಸಿಗದಿದ್ದರೆ ಬಿಟ್ಟುಬಿಡಿ.

ಟೈರಿನ ಆ ನಾಲ್ಕಂಕಿ, ಸೈಲೆನ್ಸರ್‌ನ ಕೆಳಗಿನಿಂದ ಒಂದು ಫೋಟೊ, ಗುಂಯ್ ಏಳುವ ಆರ್‌ಪಿಎಂ ಇಲ್ಲಿ ಹಾಕಿ. ಕವಲು, ಶೀಟ್ ಮಾತು ಆಮೇಲೆ ಆಡೋಣ.