ಅಪ್ಪನ ತಪ್ಪು ದೆವ್ವದ ತಲೆಗೆ ಬೇಡ

ಗಂಗಾವತಿಯ ಓದುಗರೊಬ್ಬರು ಸ್ಕ್ರಿಪ್ಟ್ ಜೊತೆ ಹೀಗೆ ಬರೆದಿದ್ದಾರೆ: "ಗೆಳೆಯರೆಲ್ಲ ಸೇರಿ ಎರಡು ಲಕ್ಷದಲ್ಲಿ ದೆವ್ವದ ಸಿನಿಮಾ ಮಾಡಬೇಕೆಂದಿದ್ದೇವೆ. ಅಪ್ಪ ಕುಡಿದು ಹೆಂಡತಿ, ಮಗಳನ್ನು ಹೊಡೆಯುತ್ತಾನೆ. ಹಾಳು ಬಾವಿಗೆ ಬಿದ್ದು ಸತ್ತವಳ ದೆವ್ವ ಅವನ ಮೈಮೇಲೆ ಬಂದಿದೆ ಅಂತ ಆಮೇಲೆ ಗೊತ್ತಾಗುತ್ತದೆ. ಮಂತ್ರವಾದಿ ಬಿಡಿಸುತ್ತಾನೆ, ಅಪ್ಪ ಒಳ್ಳೆಯವನಾಗುತ್ತಾನೆ. ಮಗಳ ಪಾತ್ರಕ್ಕೆ ನಮ್ಮಕ್ಕನ ಮಗಳಿದ್ದಾಳೆ. ಇಷ್ಟು ದುಡ್ಡಲ್ಲಿ ಜನರನ್ನು ಹೆದರಿಸಬಹುದಾ?"

ಉತ್ತರ: ದುಡ್ಡಿನ ಚಿಂತೆ ಬಿಡಿ. 2007ರ 'ಪ್ಯಾರಾನಾರ್ಮಲ್ ಆಕ್ಟಿವಿಟಿ'ಯನ್ನು ಓರೆನ್ ಪೆಲಿ ತಮ್ಮ ಮನೆಯಲ್ಲೇ, ಸುಮಾರು 15 ಸಾವಿರ ಡಾಲರ್‌ನಲ್ಲಿ ತೆಗೆದರು. ಮಲಗುವ ಕೋಣೆಯಲ್ಲಿ ನಿಲ್ಲಿಸಿಟ್ಟ ಕ್ಯಾಮೆರಾ, ತಾನಾಗಿ ಅಲುಗುವ ಬಾಗಿಲು. ಅಷ್ಟಕ್ಕೇ ಜನ ಬೆವತರು.

ನನ್ನ ತಕರಾರು ಕಥೆಯದು. ಹೊಡೆದದ್ದು ದೆವ್ವ ಅಂದಮೇಲೆ ಅಪ್ಪನ ತಪ್ಪೇನೂ ಉಳಿಯಲಿಲ್ಲ, ಅಲ್ವಾ? "ಮನುಷ್ಯ ಬಂಗಾರ, ಕುಡಿದಾಗಷ್ಟೇ ಹಂಗೆ" ಅನ್ನುವವರು ನಮ್ಮಲ್ಲಿ ಮೊದಲೇ ಜಾಸ್ತಿ. ನೀವು ಆ ಕುಡಿತದ ಮೇಲೂ ಒಂದು ದೆವ್ವ ಕೂರಿಸಿದ್ದೀರಿ. ಏಟು ತಿಂದವಳು ಇನ್ನು ಯಾರನ್ನು ಕೇಳಬೇಕು?

1980ರ 'ದಿ ಶೈನಿಂಗ್' ನೋಡಿ. ದೆವ್ವಗಳಿರುವ ಹೋಟೆಲಿಗೆ ಬರುವ ಮೊದಲೇ ಆ ಅಪ್ಪ ಕುಡಿದ ಅಮಲಿನಲ್ಲಿ ಮಗನ ಭುಜ ಕೀಲು ತಪ್ಪಿಸಿದ್ದಾನೆ. ದೆವ್ವದ ಬಾರ್‌ನವನು ಅವನ ಕೈಗೆ ಗ್ಲಾಸ್ ಕೊಡುತ್ತಾನೆ ನಿಜ. ಆದರೆ ಹೊಡೆಯುವ ಕೈ ಅವನದೇ.

ನಿಮ್ಮ ನಾಲ್ಕನೇ ದೃಶ್ಯ ನನಗೆ ತುಂಬಾ ಹಿಡಿಸಿತು. ಮಗಳು ಹೋಂವರ್ಕ್ ಮಾಡುತ್ತಿದ್ದಾಳೆ. ಓಣಿಯ ಕೊನೆಯಲ್ಲಿ ಟಿವಿಎಸ್ ಗಾಡಿ ಸದ್ದು. ಅಪ್ಪ ಒಂದೇ ಸಲಕ್ಕೆ ಸ್ಟ್ಯಾಂಡ್ ಹಾಕಿದರೆ ಇವತ್ತು ಕುಡಿದಿಲ್ಲ. ಎರಡು ಮೂರು ಸಲ ಕಾಲು ಜಾರಿತೋ, ಅವ್ವ ಒಲೆ ಮುಂದಿನ ಕಬ್ಬಿಣದ ಊದುಗೊಳವಿ ತೆಗೆದು ಅಕ್ಕಿ ಚೀಲದ ಹಿಂದೆ ಅಡಗಿಸುತ್ತಾಳೆ. ಮಗಳು ಸದ್ದಾಗದಂತೆ ಕಂಪಾಸ್ ಬಾಕ್ಸ್ ಮುಚ್ಚುತ್ತಾಳೆ. ದೆವ್ವ ಇನ್ನೂ ಬಂದೇ ಇಲ್ಲ, ಓದುವವರ ಹೊಟ್ಟೆ ಆಗಲೇ ಹಿಂಡುತ್ತದೆ. ಮೇಕಪ್ಪಿಗೆ ಇಟ್ಟ ದುಡ್ಡನ್ನು ಒಳ್ಳೆ ಸೌಂಡ್ ರೆಕಾರ್ಡಿಂಗ್‌ಗೆ ಹಾಕಿ.

ದೆವ್ವವೇ ಬೇಡ ಅನ್ನುತ್ತಿಲ್ಲ. ಅಪ್ಪನ ಮೈಮೇಲೆ ಬೇಡ, ಮನೆಯೊಳಗೆ ಇರಲಿ, ಮಗಳಿಗಷ್ಟೇ ಕಾಣಲಿ. ಬಾವಿಗೆ ಬಿದ್ದವಳು ಯಾರು ಅಂತ ನೀವು ಹೇಳಿಲ್ಲ. ಅಪ್ಪನ ತಾಯಿಯೇ ಯಾಕಾಗಬಾರದು? ಅವಳೂ ಗಂಡನ ಏಟು ತಿಂದವಳು. ಚಿಕ್ಕ ಹುಡುಗನಾಗಿದ್ದಾಗ ಅದನ್ನು ನೋಡಿದವನು ಈ ಅಪ್ಪ.

ಮಂತ್ರವಾದಿಯನ್ನಂತೂ ಬಿಡಿ. ಮೆಣಸಿನಕಾಯಿ ಹೊಗೆ ಹಾಕಿ, ಹಗ್ಗದಲ್ಲಿ ಕಟ್ಟಿ ಹೊಡೆದು ದೆವ್ವ ಬಿಡಿಸುವುದು ಕರ್ನಾಟಕದ 2017ರ ಮೌಢ್ಯಾಚರಣೆ ತಡೆ ಕಾಯ್ದೆಯಲ್ಲಿ ಅಪರಾಧ. ನೀವು ಅದನ್ನೇ ಮದ್ದು ಅಂತ ತೋರಿಸುತ್ತಿದ್ದೀರಿ. ಇದಕ್ಕಿಂತ ಭಯದ್ದು ಬೇರೆ ಇದೆ. ವರ್ಷಗಟ್ಟಲೆ ವಿಪರೀತ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಕೈ ನಡುಗಿ, ಮೈಯೆಲ್ಲ ಬೆವತು, ಇಲ್ಲದ್ದೆಲ್ಲ ಕಾಣಬಹುದು. ಗೋಡೆ ಮೇಲೆ ಹುಳ ಹರಿದಾಡಿದ ಹಾಗೆ, ಯಾರೋ ಕರೆದ ಹಾಗೆ. ಮನೆಯವರು ಗಾಳಿ ಸೋಕಿದೆ ಅಂದುಕೊಂಡು ತಾಯಿತ ಕಟ್ಟಿಸುತ್ತಾರೆ. ಆಸ್ಪತ್ರೆಗೆ ಒಯ್ಯದಿದ್ದರೆ ಜೀವವೇ ಹೋಗಬಹುದು. ಅಪ್ಪನಿಗೆ ಕಾಣುವುದು ಇದು, ಮಗಳಿಗೆ ಕಾಣುವುದು ನಿಜವಾದ ದೆವ್ವ. ನೋಡುವವರಿಗೆ ಗೊಂದಲವಾಗಲಿ.

ಅಲ್ಲಿಗೆ ಒಬ್ಬ ಪಿಎಚ್‌ಸಿ ಡಾಕ್ಟರ್ ಬರಲಿ. ಸುಮ್ನೆ ಹೇಳುತ್ತಿಲ್ಲ. ಆರೋಗ್ಯ ಕೇಂದ್ರದ ಡಾಕ್ಟರಿಗೇ ಮನೋರೋಗದ ತರಬೇತಿ ಕೊಡುವ ಜಿಲ್ಲಾ ಯೋಜನೆಯನ್ನು ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಮೊದಲು ಮಾಡಿ ನೋಡಿದ್ದು ನಿಮ್ಮ ಪಕ್ಕದ ಬಳ್ಳಾರಿಯಲ್ಲಿ. ದೇಶದ ಬೇರೆ ಜಿಲ್ಲೆಗಳಿಗೆ ಅದು ಹೋದದ್ದು 1996ರಿಂದ. ಡಾಕ್ಟರ್ ಅಪ್ಪನ ನಡುಕ ನಿಲ್ಲಿಸಲಿ. ಅಪ್ಪ ಒಳ್ಳೆಯವನಾದನೋ ಇಲ್ಲವೋ ಅಂತ ಡಾಕ್ಟರ್ ಹೇಳುವುದು ಬೇಡ.

ಇನ್ನೊಂದು ಸಣ್ಣ ತಪ್ಪು. ಕಥೆ ನಡೆಯುವುದು 2005ರಲ್ಲಿ, ಕೂಲಿ ಮಾಡುವ ಅಪ್ಪನ ಕೈಯಲ್ಲಿ ದುಬಾರಿ ವಿಸ್ಕಿ ಬಾಟಲಿ! ಸಾರಾಯಿ ಪ್ಯಾಕೆಟ್ ಕೊಡಿ. ಅದು ಬಂದ್ ಆದದ್ದು 2007ರ ಜುಲೈ 1ಕ್ಕೆ.

ಅಕ್ಕನ ಮಗಳ ವಿಷಯ. ಹೊಡೆಯುವ ದೃಶ್ಯದ ದಿನ ಅವಳನ್ನು ಸೆಟ್ಟಿಗೆ ಕರೆತರಬೇಡಿ. ಬಾಗಿಲು, ಸದ್ದು ಅವತ್ತು ತೆಗೆಯಿರಿ. ಅವಳ ಮುಖ ಇನ್ನೊಂದು ದಿನ, ಅವಳ ಅವ್ವ ಪಕ್ಕದಲ್ಲಿರುವಾಗ ತೆಗೆಯಿರಿ. ಕೊನೆಗೆ ಮಕ್ಕಳ ಸಹಾಯವಾಣಿ 1098, ಮಹಿಳೆಯರದ್ದು 181, ಎರಡನ್ನೂ ಪರದೆ ಮೇಲೆ ಹಾಕಿ. ಕತ್ತಲಲ್ಲಿ ಪೆನ್ನು ಹುಡುಕಿ ಬರೆದುಕೊಳ್ಳುವಷ್ಟು ಹೊತ್ತು ಇರಲಿ.