ಬೇಸಿಗೆ ರಜೆಗೆ ಕ್ಯಾನ್ಸರ್ ಲ್ಯಾಬ್: ಮೊದಲು ಊರಲ್ಲೇ ಕೇಳಿ

ಉಡುಪಿಯಲ್ಲಿ ಎರಡನೇ ವರ್ಷದ ಬಿಎಸ್ಸಿ, ರಜೆಯಲ್ಲಿ ಕ್ಯಾನ್ಸರ್ ಸಂಶೋಧನೆ ಕಲಿಯಲು ಮುಂಬೈಗೇ ಹೋಗಬೇಕಾ ಅಂತ ಕೇಳಿದ್ದೀರಿ. ಬೇಕೂಂತಿಲ್ಲ. ಮಣಿಪಾಲದ ಸ್ಕೂಲ್ ಆಫ್ ಲೈಫ್ ಸೈನ್ಸಸ್, ಮಂಗಳೂರು ಹತ್ತಿರದ ದೇರಳಕಟ್ಟೆಯ ಯೆನೆಪೋಯ ರಿಸರ್ಚ್ ಸೆಂಟರ್ ಎರಡರಲ್ಲೂ ಕ್ಯಾನ್ಸರ್ ಕೆಲಸ ನಡೀತದೆ. ಆದರೆ ಎಲ್ಲರಿಗೂ ಒಂದೇ ಮೇಲ್ ಹಾಕಬೇಡಿ ಮಾರಾಯ್ರೆ. ನೀವು ಬರೆಯುವ ಲ್ಯಾಬಿನ ಒಂದು ಸಂಶೋಧನಾ ಪೇಪರ್ ಓದಿ, ಅರ್ಥವಾಗದ್ದನ್ನೇ ಪ್ರಶ್ನೆಯಾಗಿ ಬರೆಯಿರಿ. ನನಗೆ ಉತ್ತರ ಬಂದದ್ದು ಹಾಗೆಯೇ.

2 ತಿಂಗಳಲ್ಲಿ ಮದ್ದು ಕಂಡುಹಿಡಿಯಲಿಕ್ಕಾಗುವುದಿಲ್ಲ. ಬೂಷ್ಟು, ಬ್ಯಾಕ್ಟೀರಿಯಾ ತಾಗದ ಹಾಗೆ ಜೀವಕೋಶ ಬೆಳೆಸುವುದು, ಎಣಿಸುವುದು, ಮದ್ದು ಹಾಕಿದ ಮೇಲೆ ಎಷ್ಟು ಬದುಕಿವೆಯೆಂದು ಎಂಟಿಟಿ ಎಂಬ ಬಣ್ಣದ ಪರೀಕ್ಷೆಯಲ್ಲಿ ನೋಡುವುದು, ಇಷ್ಟು ಕೈಗೆ ಹತ್ತಿದರೆ ದೊಡ್ಡದು.

ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೂ ಅರ್ಜಿ ಹಾಕಿ, ಸ್ಟೈಪೆಂಡ್ ಉಂಟು. ಅದರ ಅರ್ಜಿ ಹಿಂದಿನ ವರ್ಷದ ಕೊನೆಯೊಳಗೇ ಮುಗಿಯುತ್ತದೆ, ಮೇಷ್ಟ್ರ ಶಿಫಾರಸು ಪತ್ರವನ್ನು ಈಗಲೇ ಕೇಳಿಡಿ.